ಹೂದೋಟದ ಪ್ರಶ್ನೋತ್ತರ: ಮತ್ತೆ ಮತ್ತೆ ಅರಳುವ ಐರಿಸ್, ಬೆಂಗಳೂರಿನ ಮನೆಗೆ ಯಾವುದು?

ಈ ಸಲ ಬಂದ ಪತ್ರಗಳಲ್ಲಿ ಐರಿಸ್ ಕುರಿತ ಪ್ರಶ್ನೆಗಳೇ ಹೆಚ್ಚು. ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

‘ಇಮ್ಮಾರ್ಟಾಲಿಟಿ’ ಎಂಬ ಬಿಳಿ ಐರಿಸ್‌ನ ಮೂರು ಗಡ್ಡೆಗಳನ್ನು ಆನ್‌ಲೈನ್‌ನಲ್ಲಿ ತರಿಸಿ ಎರಡು ವರ್ಷವಾಯಿತು. ವರ್ಷಕ್ಕೆ ಎರಡು ಸಲ ಹೂ ಎಂದು ಚೀಟಿಯಲ್ಲಿತ್ತು. ಎಲೆ ಸೊಂಪಾಗಿದೆ, ಹೂವಿನ ಸುಳಿವೇ ಇಲ್ಲ. ಗೊಬ್ಬರ ಸಾಲದೇ?
– ಓದುಗರು, ರಾಜರಾಜೇಶ್ವರಿ ನಗರ

ಸಾಲದಿರುವುದು ಗೊಬ್ಬರವಲ್ಲ, ಚಳಿ. ಎಲೆ ಸೊಂಪಾಗಿದೆ ಎನ್ನುವುದನ್ನು ನೋಡಿದರೆ ಗೊಬ್ಬರ ತುಸು ಹೆಚ್ಚೇ ಆಗಿರಬೇಕು.

ಮರುಹೂವಿನ ಐರಿಸ್ ಅಂದರೆ ಒಂದೇ ಗಡ್ಡೆ ಎರಡೆರಡು ಸಲ ಹೂ ಕೊಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಬಾಳೆಯನ್ನು ನೆನೆಸಿಕೊಳ್ಳಿ. ಗೊನೆ ಹಾಕಿದ ಬಾಳೆ ಮತ್ತೆ ಗೊನೆ ಹಾಕುವುದಿಲ್ಲ, ಪಕ್ಕದ ಕಂದು ಬೆಳೆದು ಹಾಕಬೇಕು. ಐರಿಸ್‌ನದೂ ಅದೇ ಲೆಕ್ಕ. ಶುಂಠಿಯಂತೆ ಅಡ್ಡ ಮಲಗಿದ ಗಡ್ಡೆಯ ತುದಿಯಲ್ಲಿ ಎಲೆಗಳು ಬೀಸಣಿಗೆಯ ಹಾಗೆ ಹರಡಿರುತ್ತವಲ್ಲ, ಆ ಒಂದು ಬೀಸಣಿಗೆಗೆ ಒಂದೇ ಹೂದಂಟು. ಹೂ ಮುಗಿದ ಮೇಲೆ ಗಡ್ಡೆಯ ಎರಡೂ ಪಕ್ಕದಲ್ಲಿ ಮರಿಗಳು ಏಳುತ್ತವೆ. ಮಾಮೂಲಿ ತಳಿಯಲ್ಲಿ ಈ ಮರಿಗಳು ಅರಳುವುದು ಮುಂದಿನ ಚಳಿಗಾಲ ದಾಟಿದ ಮೇಲೆಯೇ. ಮರುಹೂವಿನ ತಳಿಯಲ್ಲಿ ಮರಿಗಳು ಬೇಗ ಬಲಿತು, ಇನ್ನೊಂದು ಚಳಿಗಾಲಕ್ಕೆ ಕಾಯದೆ, ಅದೇ ವರ್ಷ ಎರಡನೇ ಸುತ್ತು ಹೂ ಬಿಡುತ್ತವೆ. ಹಾಗಾಗಿ ಮರಿ ಎಷ್ಟು ಬೇಗ ದಪ್ಪವಾಗುತ್ತದೆ ಎನ್ನುವುದರ ಮೇಲೆ ಮರುಹೂವು ನಿಂತಿದೆ.

‘ಇಮ್ಮಾರ್ಟಾಲಿಟಿ’ಯನ್ನು ಐರಿಸ್ ತಳಿಗಾರ ಲಾಯ್ಡ್ ಜುರ್‌ಬ್ರಿಗ್ 1982ರಲ್ಲಿ ನೋಂದಾಯಿಸಿದರು. ಉತ್ತರ ಅಮೆರಿಕದ ತೋಟಗಳಲ್ಲಿ ನಂಬಿಕಸ್ಥ ತಳಿ ಎಂದೇ ಹೆಸರು: ವಸಂತದಲ್ಲಿ ಒಮ್ಮೆ, ಹಿಮ ಬೀಳುವ ಮುಂಚೆ ಇನ್ನೊಮ್ಮೆ. ಚೀಟಿಯಲ್ಲಿ ಬರೆದದ್ದು ಆ ಊರಿನ ಮಾತು. ಕೆಳಗಿಳಿದ ದಳದ ಮೇಲೆ ಬ್ರಷ್ಷಿನಂತೆ ಕೂದಲಿರುವ ಈ ಗುಂಪಿಗೆ ಗಡ್ಡದ ಐರಿಸ್ ಎನ್ನುತ್ತಾರೆ (ಗಡ್ಡವೂ ಇದೆ, ಗಡ್ಡೆಯೂ ಇದೆ, ಗೊಂದಲ ಬೇಡ). ಈ ಗುಂಪಿನ ಹೆಚ್ಚಿನ ತಳಿಗಳಿಗೆ ಮೊಗ್ಗು ಕಟ್ಟಲು ವಾರಗಟ್ಟಲೆ ಚಳಿ ಬೇಕು. ಒಂದೆರಡು ರಾತ್ರಿ ಥಂಡಿಯಾದರೆ ಲೆಕ್ಕಕ್ಕಿಲ್ಲ. ಬೆಂಗಳೂರಿನಲ್ಲಿ ಜನವರಿಯ ರಾತ್ರಿ ಸಾಮಾನ್ಯವಾಗಿ 15–16 ಡಿಗ್ರಿಯಲ್ಲಿ ನಿಂತುಬಿಡುತ್ತದೆ. ಊರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿ 13ರ ಮಾತು. ಕಾಶ್ಮೀರದಲ್ಲಿ ಗೋರಿಗಳ ಮೇಲೆ ಆರೈಕೆಯಿಲ್ಲದೆ ಅರಳುವ ಐರಿಸ್ ಇಲ್ಲಿ ಮುದ್ದು ಮಾಡಿದರೂ ಮೊಗ್ಗು ಕಟ್ಟದಿರುವುದು ಇದೇ ಕಾರಣಕ್ಕೆ.

ಹಾಗೆಂದು ಕಿತ್ತೆಸೆಯಬೇಕಿಲ್ಲ. ಮರುಹೂವಿನ ತಳಿಗಳಿಗೆ ಚಳಿಯ ಹಂಗು ಉಳಿದವಕ್ಕಿಂತ ಕಡಿಮೆ. ಹಿಮವೇ ಅಪರೂಪವಾದ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲೂ ಕೆಲವು ಅರಳುತ್ತವೆ. ಇಲ್ಲಿ ಅದೊಂದು ಲಾಟರಿ ಎಂದುಕೊಂಡು ಹೀಗೆ ಮಾಡಿ.

ನವೆಂಬರ್ ಎರಡನೇ ವಾರದ ಹೊತ್ತಿಗೆ, ಹಿಂಗಾರು ತಗ್ಗಿದ ಮೇಲೆ, ಗಡ್ಡೆ ಎಬ್ಬಿಸಿ. ಹಳೆಯ, ಎಲೆಯಿಲ್ಲದ ತುಂಡುಗಳನ್ನು ತೆಗೆದುಹಾಕಿ ಹೆಬ್ಬೆರಳಿಗಿಂತ ದಪ್ಪ ಇರುವ ಮರಿಗಳನ್ನು ಮಾತ್ರ ಉಳಿಸಿಕೊಳ್ಳಿ. ಎಲೆಗಳನ್ನು 6 ಇಂಚಿಗೆ ಕತ್ತರಿಸಿ, ಕತ್ತರಿಸಿದ ಗಾಯ ಒಂದು ದಿನ ನೆರಳಲ್ಲಿ ಒಣಗಲಿ. ನೆಡುವ ಜಾಗದಲ್ಲಿ ಮಣ್ಣನ್ನು ಸಣ್ಣ ದಿಬ್ಬ ಮಾಡಿ, ಗಡ್ಡೆಯನ್ನು ದಿಬ್ಬದ ಮೇಲೆ ಕೂರಿಸಿ, ಬೇರುಗಳನ್ನು ಎರಡೂ ಕಡೆ ಇಳಿಬಿಟ್ಟು ಮಣ್ಣು ಮುಚ್ಚಿ. ಗಡ್ಡೆಯ ಬೆನ್ನು ಮಾತ್ರ ಹೊರಗೇ ಇರಬೇಕು, ಕೆರೆಯಲ್ಲಿ ಮಲಗಿದ ಎಮ್ಮೆಯ ಬೆನ್ನು ಕಾಣುವ ಹಾಗೆ. ಆಲೂಗಡ್ಡೆಯಂತೆ ಹೂತರೆ ಹೂವೂ ಇಲ್ಲ, ಗಡ್ಡೆಯೂ ಇಲ್ಲ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಬೆನ್ನಿನ ಮೇಲೆ ತೆಳ್ಳಗೆ ಮರಳು ಉದುರಿಸಿದರೆ ಸಾಕು.

ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕು. ಯೂರಿಯಾ, ಹಸಿ ಸಗಣಿ, ಕೋಳಿಗೊಬ್ಬರ ಹತ್ತಿರ ಬರಬಾರದು. ಸಾರಜನಕ ಹೆಚ್ಚಾದರೆ ಎಲೆ ಕೊಬ್ಬುತ್ತದೆ, ಗಡ್ಡೆ ಮೆತ್ತಗಾಗುತ್ತದೆ. ನೆಡುವಾಗ ಗಿಡಕ್ಕೆ 2 ಚಮಚ ಮೂಳೆಪುಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ 20 ದಿನಕ್ಕೊಮ್ಮೆ 0:52:34 ಗೊಬ್ಬರವನ್ನು (ಸಾರಜನಕವಿಲ್ಲದೆ ರಂಜಕ, ಪೊಟ್ಯಾಷ್ ಮಾತ್ರ ಇರುವಂಥದ್ದು) ಲೀಟರಿಗೆ 2 ಗ್ರಾಂ ಕರಗಿಸಿ ಬುಡಕ್ಕೆ ಕೊಡಿ. ಒಮ್ಮೆ ಹೂ ಬಂದಿತೆಂದರೆ ನೀರು ನಿಲ್ಲಿಸಬೇಡಿ. ಮಾಮೂಲಿ ಗಡ್ಡದ ಐರಿಸ್ ಹೂವಿನ ನಂತರ ಒಣಗಿದ್ದರೂ ನಡೆದೀತು, ಮರುಹೂವಿನ ತಳಿಗೆ ಆಗಲೇ ಮರಿ ಸಾಕುವ ಕೆಲಸ ಇರುತ್ತದೆ. ಇಷ್ಟೆಲ್ಲ ಮಾಡಿ ಎರಡು ಬೇಸಿಗೆ ಕಳೆದರೂ ಹೂ ಇಲ್ಲವೆಂದರೆ ಆ ಕುಂಡವನ್ನು ಮುಂದಿನ ಉತ್ತರದಲ್ಲಿರುವ ಗಿಡಗಳಿಗೆ ಬಿಟ್ಟುಕೊಡಿ.

30x40 ಸೈಟಿನ ಮನೆ. ಕಾಂಪೌಂಡಿಗೂ ಗೋಡೆಗೂ ನಡುವೆ 2 ಅಡಿ ಅಗಲ, 12 ಅಡಿ ಉದ್ದದ ಪಟ್ಟಿ ಇದೆ. ಗೇಟಿನ ಕಡೆ ಮಧ್ಯಾಹ್ನದವರೆಗೆ ಬಿಸಿಲು, ಹಿಂದೆ ಬೆಳಗಿನ ಎರಡು ಗಂಟೆ ಮಾತ್ರ. ವರ್ಷವಿಡೀ ಆಗಾಗ ಅರಳುವ ಐರಿಸ್ ಯಾವುದು ಹಾಕಲಿ?
– ಓದುಗರು, ಜೆ.ಪಿ. ನಗರ

ಚಳಿ ಕೇಳದ ಐರಿಸ್ ನೆಂಟರನ್ನು ಹಾಕಿ. ಸಸ್ಯಶಾಸ್ತ್ರದ ಪ್ರಕಾರ ಇವು ಬೇರೆ ಕುಲದವು, ಕುಟುಂಬ ಮಾತ್ರ ಒಂದೇ. ನೋಡುವ ಕಣ್ಣಿಗೆ ಐರಿಸ್‌ಗೆ ಕಡಿಮೆಯೇನಿಲ್ಲ.

ಬಿಸಿಲಿರುವ ಗೇಟಿನ ಕಡೆಗೆ ಡಯೆಟಿಸ್. ನರ್ಸರಿಗಳಲ್ಲಿ ಆಫ್ರಿಕನ್ ಐರಿಸ್ ಎಂದು ಕೇಳಿ. ದಕ್ಷಿಣ ಆಫ್ರಿಕಾ ಮೂಲದ ಗಿಡ; ಅಪಾರ್ಟ್‌ಮೆಂಟ್‌ಗಳ ಮುಂದಿನ ಹುಲ್ಲುಹಾಸಿನ ಅಂಚಿನಲ್ಲಿ ನೀವು ನೋಡಿಯೇ ಇರುತ್ತೀರಿ. ಸುಮಾರು ಹದಿನೈದು ದಿನಕ್ಕೊಮ್ಮೆ ಅಲೆಯಂತೆ ಹೂ ಬರುವುದರಿಂದ ಇಂಗ್ಲಿಷಿನವರು ಇದನ್ನು ‘ಪಾಕ್ಷಿಕ ಲಿಲ್ಲಿ’ ಎಂದು ಕರೆದರು. ಒಂದು ಮಳೆ ಬಿದ್ದು ಬಿಸಿಲಾದರೆ ಒಂದು ಸುತ್ತು ಗ್ಯಾರಂಟಿ ಎನ್ನುವ ಮಟ್ಟಿಗೆ ಒಗ್ಗಿಕೊಂಡಿದೆ. ಎರಡು ಬಗೆ ಸಿಗುತ್ತವೆ. ಡಯೆಟಿಸ್ ಬೈಕಲರ್‌ನದು ತಿಳಿಹಳದಿ ಹೂ, ಮೂರು ದಳದ ಬುಡದಲ್ಲಿ ಕಂದು ಚುಕ್ಕೆ, ಆಯಸ್ಸು ಒಂದೇ ದಿನ. ಡಯೆಟಿಸ್ ಗ್ರಾಂಡಿಫ್ಲೋರಾದ್ದು ದೊಡ್ಡ ಬಿಳಿ ಹೂ, ನಡುವೆ ನೇರಳೆ, ದಳದ ಮೇಲೆ ಹಳದಿ ಗೆರೆ. ಹೂ ಎರಡು ಮೂರು ದಿನ ನಿಲ್ಲುತ್ತದೆ. ಒಂದನ್ನೇ ಆರಿಸುವುದಾದರೆ ಎರಡನೆಯದು.

ನೆರಳಿರುವ ಹಿಂಭಾಗಕ್ಕೆ ನಿಯೋಮರಿಕಾ, ಅಂದರೆ ನಡೆಯುವ ಐರಿಸ್. ಬಿಳಿ ದಳ, ನಡುವೆ ನೀಲಿ ಸುರುಳಿ, ಬೆಳಿಗ್ಗೆ ಸಣ್ಣ ಪರಿಮಳ. ಬೆಳಿಗ್ಗೆ ಬಿರಿದ ಹೂ ಸಂಜೆಗೆ ಮುದುಡುತ್ತದೆ, ಆದರೆ ಒಂದೇ ದಂಟಿನಲ್ಲಿ ಕೆಲವು ದಿನ ಬಿಟ್ಟು ಬಿಟ್ಟು ಹೂ ಬರುತ್ತಲೇ ಇರುತ್ತದೆ. ಹೂ ಮುಗಿದ ಜಾಗದಲ್ಲೇ ಪುಟ್ಟ ಸಸಿ ಹುಟ್ಟುತ್ತದೆ. ಅದರ ಭಾರಕ್ಕೆ ದಂಟು ಬಾಗಿ ಮಣ್ಣು ಮುಟ್ಟಿ ಬೇರು ಬಿಡುತ್ತದೆ. ಹೀಗೆ ಒಂದೊಂದು ಹೆಜ್ಜೆ ಮುಂದೆ ನಡೆಯುತ್ತದೆ. ಸಸಿಯನ್ನು ನೀವೇ ಪಕ್ಕದ ಕುಂಡದ ಮಣ್ಣಿಗೆ ಹೇರ್‌ಪಿನ್ನಿನಿಂದ ಒತ್ತಿಟ್ಟರೆ ತಿಂಗಳೊಳಗೆ ಬೇರು ಹಿಡಿಯುತ್ತದೆ. ಆಮೇಲೆ ತಾಯಿದಂಟು ಕತ್ತರಿಸಿ. ಹಳದಿ ಹೂವಿನ ನಡೆಯುವ ಐರಿಸ್ ಎಂದು ಮಾರುವುದು ಟ್ರೈಮೆಜಿಯಾ. ಅದು ಇನ್ನಷ್ಟು ಗಟ್ಟಿ, ಹೂವು ಮಾತ್ರ ಚಿಕ್ಕದು.

ಗೇಟಿನ ಕಡೆಯ 6 ಅಡಿಗೆ 2 ಅಡಿ ಅಂತರದಲ್ಲಿ 3 ಡಯೆಟಿಸ್, ಉಳಿದ 6 ಅಡಿಗೆ ಅಡಿಗೊಂದರಂತೆ 6 ನಿಯೋಮರಿಕಾ. ಇದಕ್ಕಿಂತ ಒತ್ತಾಗಿ ನೆಟ್ಟರೆ ಮೂರನೇ ವರ್ಷಕ್ಕೆ ಕಿತ್ತಾಟ. ಸಂಪಿನ ಮುಚ್ಚಳ, ಚೇಂಬರ್ ಮುಚ್ಚಳಗಳ ಸುತ್ತ ಒಂದೂವರೆ ಅಡಿ ಖಾಲಿ ಬಿಡಿ, ಇಲ್ಲದಿದ್ದರೆ ಮುಚ್ಚಳ ಎತ್ತಲು ಬಂದವರ ಕಾಲಡಿಯಲ್ಲಿ ಗಿಡ ಹೋಗುತ್ತದೆ. ನೆಡುವ ಮುಂಚೆ ಪಟ್ಟಿಯನ್ನು ಒಂದು ಅಡಿ ಅಗೆಯಿರಿ. ಮೇಲೆ ಕೆಂಪುಮಣ್ಣು ಕಂಡರೂ ಕೆಳಗೆ ಮನೆ ಕಟ್ಟಿದಾಗಿನ ಸಿಮೆಂಟ್ ಹೆಂಟೆ, ಟೈಲ್ಸ್ ಚೂರು ಇದ್ದೇ ಇರುತ್ತದೆ. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ ಹೊಸ ಎಲೆಗಳು ಹಳದಿಯಾಗುತ್ತವೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದನ್ನು ನೋಡಿ ಗೊಬ್ಬರ ಸುರಿಯುವವರೇ ಹೆಚ್ಚು. ಹೆಂಟೆ ಆರಿಸಿ ತೆಗೆದು, 12 ಅಡಿಗೆ 4 ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, 1 ಕಿಲೋ ಬೇವಿನ ಹಿಂಡಿ ಬೆರೆಸಿ. ಜೂನ್ ಮಳೆ ಹಿಡಿದ ಮೇಲೆ ನೆಟ್ಟರೆ ಬೇರೂರಲು ಹೊತ್ತು ಸಿಗುತ್ತದೆ.

ನರ್ಸರಿಯಲ್ಲಿ ಹೂವಿಲ್ಲದಾಗ ಮೂರೂ ಗಿಡ ಒಂದೇ ಥರ ಕಾಣುತ್ತವೆ. ಎಲೆ ಮುಟ್ಟಿ ನೋಡಿ. ಡಯೆಟಿಸ್ ಎಲೆ ಕಿರಿದು, ಬಿರುಸು, ಕಡುಹಸಿರು. ನಿಯೋಮರಿಕಾ ಎಲೆ ಎರಡು ಬೆರಳಗಲ, ನಡುವೆ ಎದ್ದು ಕಾಣುವ ನರ. ಗಡ್ಡದ ಐರಿಸ್ ಎಲೆಗೆ ಬೂದಿ ಬಳಿದಂಥ ಬಣ್ಣ, ನಡುನರ ಇಲ್ಲ. ಡಯೆಟಿಸ್ ಕೊಳ್ಳುವಾಗ ಮೂರು ನಾಲ್ಕು ಬೀಸಣಿಗೆ ಇರುವ ಬುಡವನ್ನೇ ತನ್ನಿ. ಇದು ಬುಡ ಒಡೆಯುವುದನ್ನು ಸಹಿಸದ ಗಿಡ. ಬಿಡಿಸಿ ನೆಟ್ಟರೆ ತಿಂಗಳುಗಟ್ಟಲೆ ಮುನಿಸಿಕೊಂಡು ಕೂರುತ್ತದೆ.

ಡಯೆಟಿಸ್ ಒಂದು ವರ್ಷ ಚೆನ್ನಾಗಿ ಹೂ ಬಿಟ್ಟಿತು. ಮಾಲಿ ಹೂ ಮುಗಿದ ದಂಟುಗಳನ್ನೆಲ್ಲ ಕತ್ತರಿಸಿ ಸ್ವಚ್ಛ ಮಾಡಿದರು. ಈಗ ಹೂವೇ ಇಲ್ಲ.
– ಓದುಗರು, ಮಲ್ಲೇಶ್ವರ

ಕತ್ತರಿಸಿದ್ದೇ ಹೂವಿನ ಮನೆ. ಬಿಳಿ ಹೂವಿನ ಡಯೆಟಿಸ್‌ನ ದಂಟು ವರ್ಷಕ್ಕೂ ಮೇಲೆ ಬದುಕಿ ಅದೇ ಗೆಣ್ಣುಗಳಿಂದ ಮತ್ತೆ ಮತ್ತೆ ಮೊಗ್ಗು ಕೊಡುತ್ತದೆ. ಪೂರ್ತಿ ಕಂದಾಗಿ ಒಣಗುವವರೆಗೆ ಕತ್ತರಿ ತೋರಿಸಬೇಡಿ. ಬೀಜದ ಕಾಯಿ ಮಾತ್ರ ಬೆರಳಿಂದ ಮುರಿದುಹಾಕಿ. ಹಳದಿ ಹೂವಿನ ಬೈಕಲರ್‌ನ ದಂಟು ಒಂದೇ ವರ್ಷದ್ದು, ಅದನ್ನು ಬುಡದವರೆಗೆ ತೆಗೆಯಬಹುದು. ಹೊಸ ದಂಟು ಬರಲು ಗಿಡಕ್ಕೆ ಕೆಲವು ತಿಂಗಳು ಕೊಡಿ. ಮಾಲಿಗೆ ಹೇಳುವುದಕ್ಕಿಂತ ದಂಟಿಗೆ ಒಂದು ಬಣ್ಣದ ದಾರ ಕಟ್ಟುವುದು ಸುಲಭ.

ಜೂನ್ ಮಳೆಯಲ್ಲಿ ಐರಿಸ್ ಎಲೆಗಳು ಬುಡದಲ್ಲೇ ಕಳಚಿ ಬಿದ್ದವು. ಎಳೆದರೆ ಕೈಗೇ ಬರುತ್ತವೆ. ಗಡ್ಡೆ ಉಳಿಸಬಹುದೇ?
– ಓದುಗರು, ವಿಜಯನಗರ

ಮೊದಲು ಮೂಸಿ ನೋಡಿ. ಇದು ಎರಡು ಕಾಯಿಲೆಗಳಲ್ಲಿ ಒಂದು, ಎರಡಕ್ಕೂ ಮದ್ದು ಬೇರೆ.

ಗಡ್ಡೆ ಒತ್ತಿದರೆ ಗಂಜಿಯಂತೆ ಪಿಚ್ಚೆಂದು, ಕೊಳೆತ ಈರುಳ್ಳಿಯಂಥ ನಾತ ಬಂದರೆ ಅದು ಬ್ಯಾಕ್ಟೀರಿಯಾದ ಮೆದುಕೊಳೆ. ಗಾಯವಿಲ್ಲದೆ ಇದು ಒಳಗೆ ನುಗ್ಗುವುದು ಕಡಿಮೆ. ಬಸವನಹುಳು ಕೊರೆದ ಜಾಗ, ಕಳೆಗುದ್ದಲಿ ತಾಗಿದ ಜಾಗ, ಹಸಿ ಗೊಬ್ಬರದ ಕಾವು ತಗುಲಿದ ಜಾಗ ಇದರ ಬಾಗಿಲು. ಗಡ್ಡೆ ಎಬ್ಬಿಸಿ, ಹಳೆಯ ಸ್ಟೀಲ್ ಚಮಚದಿಂದ ಮೆತ್ತಗಿನ ಭಾಗವನ್ನೆಲ್ಲ ಕೆರೆಯಿರಿ. ಕೆರೆಯುತ್ತ ಹೋದಂತೆ ಚಮಚಕ್ಕೆ ಎಳೆಯ ಮೂಲಂಗಿಯಂಥ ಗಟ್ಟಿ, ಕೆನೆಬಣ್ಣದ ತಿರುಳು ಸಿಗಬೇಕು, ಅಲ್ಲಿಗೆ ನಿಲ್ಲಿಸಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ 10 ನಿಮಿಷ ಮುಳುಗಿಸಿ, ತೊಳೆದು, ಗಾಳಿಯಾಡುವ ಕಡೆ ಎರಡು ದಿನ ಒಣಗಿಸಿ. ಗಾಯ ತೊಗಲಿನಂತಾದ ಮೇಲೆ ಹೊಸ ಮಣ್ಣಿಗೆ. ಚಮಚ, ಕತ್ತರಿಗಳನ್ನೂ ಅದೇ ದ್ರಾವಣದಲ್ಲಿ ಅದ್ದಿ, ಇಲ್ಲದಿದ್ದರೆ ಪಕ್ಕದ ಗಿಡಕ್ಕೆ ನೀವೇ ಹಂಚಿದ ಹಾಗೆ.

ನಾತವಿಲ್ಲದೆ, ಎಲೆಬುಡದಲ್ಲಿ ಬಿಳಿ ದಾರಗಳಂಥದ್ದು, ಅದರ ನಡುವೆ ಸಾಸಿವೆ ಕಾಳಿನ ಗಾತ್ರದ ಕಂದು ಉಂಡೆಗಳು ಕಂಡರೆ ಅದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಮದ್ದಿಗಿಂತ ಮಣ್ಣು ಮುಖ್ಯ, ಯಾಕೆಂದರೆ ಆ ಕಾಳುಗಳು ವರ್ಷಗಟ್ಟಲೆ ಮಣ್ಣಲ್ಲಿ ಕಾಯುತ್ತವೆ. ಗಿಡದ ಸುತ್ತಲಿನ 6 ಇಂಚು ಮಣ್ಣನ್ನು ಕವರಿಗೆ ತುಂಬಿ ಬಿಸಾಡಿ, ಕಾಂಪೋಸ್ಟಿಗೆ ಹಾಕಬೇಡಿ. ಹೊಸ ಮಣ್ಣಿಗೆ ಕುಂಡಕ್ಕೆ 20 ಗ್ರಾಂನಂತೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ) ಪುಡಿಯನ್ನು ಒಂದು ಹಿಡಿ ಎರೆಗೊಬ್ಬರದೊಡನೆ ಬೆರೆಸಿ. ತಾಮ್ರದ ಔಷಧಿಯನ್ನು ಅದರ ಜೊತೆಗೇ ಸುರಿದರೆ ಟ್ರೈಕೋಡರ್ಮಾವೂ ಸಾಯುತ್ತದೆ. ಎರಡೂ ಕಾಯಿಲೆಗೆ ಒಂದು ಸಾಮಾನ್ಯ ಮಾತು: ಬುಡಕ್ಕೆ ತರಗೆಲೆ, ತೆಂಗಿನ ನಾರು ಹೊದಿಸಬೇಡಿ. ಗುಲಾಬಿಗೆ ಒಳ್ಳೆಯದು ಇದಕ್ಕೆ ಕೆಟ್ಟದ್ದು.

ಒಂಬತ್ತನೇ ಮಹಡಿ, ಪಶ್ಚಿಮದ ಬಾಲ್ಕನಿ, ಗಾಳಿ ಜೋರು. ಕುಂಡ ಎಷ್ಟು ದೊಡ್ಡದಿರಬೇಕು, ಮಣ್ಣಿನ ಮಿಶ್ರಣ ಹೇಗೆ?
– ಓದುಗರು, ವೈಟ್‌ಫೀಲ್ಡ್

ಡಯೆಟಿಸ್ ಹಾಕಿ, ಗಾಳಿಗೆ ಎಲೆ ಸೀಳುವುದಿಲ್ಲ. 12 ಇಂಚಿನ ಕುಂಡಕ್ಕೆ ಒಂದೇ ಬುಡ. ಅಳತೆಯ ಲೆಕ್ಕದಲ್ಲಿ 2 ಪಾಲು ಕೆಂಪುಮಣ್ಣು, 1 ಪಾಲು ಎರೆಗೊಬ್ಬರ, 1 ಪಾಲು ಕೊಕೊಪೀಟ್, 1 ಪಾಲು ದಪ್ಪ ಮರಳು. ಗಡ್ಡದ ಐರಿಸ್‌ಗಾದರೆ ಕೊಕೊಪೀಟ್ ಬಿಟ್ಟು ಅಷ್ಟೇ ಇಟ್ಟಿಗೆ ಚೂರು ಹಾಕಿ. ಮರಳಿನ ವಿಷಯದಲ್ಲಿ ಬೆಂಗಳೂರಿನವರು ಮೋಸ ಹೋಗುವುದು ಎಂ ಸ್ಯಾಂಡ್‌ನಲ್ಲಿ. ಅದರಲ್ಲಿರುವ ಕಲ್ಲಿನ ಹಿಟ್ಟು ನೀರಿಗೆ ಕೆಸರಾಗಿ ಕುಂಡದ ತೂತಿನ ಮೇಲೆ ಕೂರುತ್ತದೆ. ಬಕೆಟ್‌ನಲ್ಲಿ ನೀರು ಹಾಕಿ ಕಲಕಿ, ಬೂದುನೀರು ಚೆಲ್ಲಿ. ಮೂರು ನಾಲ್ಕು ಸಲ ಹೀಗೆ ಮಾಡಿ ನೀರು ತಿಳಿಯಾದ ಮೇಲೆ ಉಳಿದ ಕಾಳುಮರಳು ಬಳಸಿ. ಗಾರೆಗೆ ತರುವ ಪಿ ಸ್ಯಾಂಡ್ ಬೇಡವೇ ಬೇಡ.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಬೆರಳು ಒಂದು ಇಂಚು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಬೋರ್‌ವೆಲ್ ನೀರಾದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿ ಎಲೆತುದಿ ಸುಡುತ್ತದೆ. ತಿಂಗಳಿಗೊಮ್ಮೆ ಕಾವೇರಿ ನೀರನ್ನೋ ಮಳೆನೀರನ್ನೋ ತಳದಿಂದ ಧಾರಾಳವಾಗಿ ಹರಿಯುವಷ್ಟು ಹಾಕಿ ತೊಳೆಯಿರಿ. ನೆನೆದ 12 ಇಂಚಿನ ಕುಂಡ 20 ಕಿಲೋ ಹತ್ತಿರ ತೂಗುತ್ತದೆ, ಕಟಕಟೆಯ ಮೇಲೆ ಇಡಬೇಡಿ.

ಈರುಳ್ಳಿಯಂಥ ಐರಿಸ್ ಗಡ್ಡೆ ಬಂದಿದೆ. ಇದೂ ಮರುಹೂವಿನದೇ?
– ಓದುಗರು, ಯಲಹಂಕ

ಅಲ್ಲ, ಅದು ಡಚ್ ಐರಿಸ್. ಹೂವಿನಂಗಡಿಯ ನೀಲಿ ಐರಿಸ್ ಇದೇ. ನವೆಂಬರ್‌ನಲ್ಲಿ 8 ಇಂಚಿನ ಕುಂಡಕ್ಕೆ 5 ಗಡ್ಡೆ, 3 ಇಂಚು ಆಳ, ಒಳ್ಳೆ ಬಿಸಿಲು. ನೆರಳಲ್ಲಿಟ್ಟರೆ ಅಥವಾ ಸೆಖೆ ಏರಿದರೆ ಮೊಗ್ಗು ಒಳಗೇ ಒಣಗುತ್ತದೆ. ಒಂದು ಸಲ ಅರಳಿದ ಮೇಲೆ ಇಲ್ಲಿ ಮತ್ತೆ ಅರಳುವುದನ್ನು ನೆಚ್ಚಿಕೊಳ್ಳಬೇಡಿ. ‘ಮಳೆಬಿಲ್ಲಿನ ಐರಿಸ್ ಬೀಜ’ ಎಂಬ ಪೊಟ್ಟಣದ ಬಗ್ಗೆಯೂ ಕೇಳಿದ್ದೀರಿ: ಹೆಸರುಳ್ಳ ತಳಿಗಳು ಬೀಜದಿಂದ ತಾಯಿಯಂತೆ ಬರುವುದಿಲ್ಲ, ಗಡ್ಡೆ ಒಡೆದೇ ಬೆಳೆಸಬೇಕು. ಪೊಟ್ಟಣದ ಬಣ್ಣಗಳು ಕಂಪ್ಯೂಟರಿನವು.

ಅಮೆರಿಕದಿಂದ ಬರುವ ಮಗಳ ಸೂಟ್‌ಕೇಸಿನಲ್ಲಿ ನಾಲ್ಕು ಗಡ್ಡೆ ತರಿಸಬಹುದೇ?
– ಓದುಗರು, ಬಸವನಗುಡಿ

ಹಾಗೇ ತರುವಂತಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ನೆಡುವ ಗಡ್ಡೆಗೆ ಇಲ್ಲಿಂದ ಮುಂಚೆಯೇ ಆಮದು ಪರವಾನಗಿ, ಅಲ್ಲಿಂದ ಸಸ್ಯಾರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ನಾಲ್ಕು ಗಡ್ಡೆಗೆ ಇಷ್ಟು ಓಡಾಟ ಬೇಕೇ ಎನ್ನುವುದು ನಿಮಗೆ ಬಿಟ್ಟದ್ದು. ಬಂದರೂ ಮೊದಲ ಉತ್ತರದಲ್ಲಿ ಹೇಳಿದ ಲಾಟರಿಯೇ.

ಹೂವನ್ನು ದೇವರಿಗೆ ಮುಡಿಸಬಹುದೇ?
– ಓದುಗರು, ಚಾಮರಾಜಪೇಟೆ

ಮುಡಿಸಬಹುದು, ಆದರೆ ದಳ ತೀರ ತೆಳು, ಕಿತ್ತ ಸ್ವಲ್ಪ ಹೊತ್ತಿಗೇ ಜೋಲುತ್ತದೆ. ಹಾರಕ್ಕಂತೂ ಆಗದು. ಉರುಳಿಯ ನೀರಿನಲ್ಲಿ ತೇಲಿಬಿಟ್ಟರೆ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ.

ನಮ್ಮ ಕುಂಡದ ಐರಿಸ್ ಎಲೆ, ಗಡ್ಡೆ ಎರಡೂ ಬಜೆಯಂತಿವೆ. ಅತ್ತೆ ಅದನ್ನೇ ಬಜೆ ಎನ್ನುತ್ತಾರೆ. ಮಗುವಿಗೆ ತೇಯ್ದು ನೆಕ್ಕಿಸಬಹುದೇ?
– ಓದುಗರು, ಹನುಮಂತನಗರ

ಖಂಡಿತ ಬೇಡ. ಐರಿಸ್ ಗಡ್ಡೆ ಬಾಯಿ, ಗಂಟಲು ಉರಿಸಿ ವಾಂತಿ ಭೇದಿ ತರುವಂಥದ್ದು. ನಾಯಿ ಬೆಕ್ಕುಗಳಿಗೂ ವಿಷವೇ. ಅತ್ತೆಯವರದು ತಪ್ಪು ಎನ್ನಲೂ ಆಗದು: ಹಳದಿ ಹೂವಿನ ಒಂದು ಐರಿಸ್‌ಗೆ ಸಸ್ಯಶಾಸ್ತ್ರಜ್ಞರು ‘ಸ್ಯೂಡಕೋರಸ್’, ಅಂದರೆ ಸುಳ್ಳು ಬಜೆ ಎಂದೇ ಹೆಸರಿಟ್ಟಿದ್ದಾರೆ, ಅಷ್ಟು ಹೋಲಿಕೆ. ಗುರುತಿಸಲು ಎಲೆಯ ತುದಿ ಮುರಿದು ಹೊಸಕಿ. ಬಜೆಯಾದರೆ ಘಮ್ಮೆನ್ನುವ ವಾಸನೆ ಬೆರಳಿನಿಂದ ಬೇಗ ಹೋಗುವುದಿಲ್ಲ. ಐರಿಸ್ ಆದರೆ ಬರೀ ಹುಲ್ಲಿನ ವಾಸನೆ.